ಕೂದಲೆಳೆ ಕಾಲುವೆಯಲ್ಲಿ ನೀರು ಹರಿಸೋ ಚಿಪ್ಪು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯದ್ದು: ಮೈಕ್ರೋಫ್ಲೂಯಿಡಿಕ್ ಚಿಪ್ಪು, ಅಂದ್ರೆ ಸಣ್ಣ ಸಣ್ಣ ಕಾಲುವೆಯಲ್ಲಿ ದ್ರವ ಹರಿಸೋ ಸಾಧನ. ತೀರ್ಥಹಳ್ಳಿ ಕಡೆಯ ಒಬ್ರು ಕೇಳಿದ್ದನ್ನ ಓದುಗರ ವಾಟ್ಸಾಪ್ ಗುಂಪಿಗೆ ಹಾಕಿದ್ದೇ ಸೈ, ಸಾಗರ, ಸೊರಬ, ಭದ್ರಾವತಿ, ಕೊಪ್ಪ ಅಂತ ಎಲ್ಲಾ ಕಡೆಯಿಂದ ಒಂದರ ಹಿಂದೆ ಒಂದು ಬಂತು. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಹೇಳಿದ್ರಿಂದ ಬರೀ ಊರು ಹಾಕಿದೀವಿ.

ಪ್ರಶ್ನೆ: ಮಗಳು ಬೆಂಗಳೂರಲ್ಲಿ ಎಂಟೆಕ್ ಮಾಡ್ತಿದಾಳೆ. ಪ್ರಾಜೆಕ್ಟ್ ಎಂತದು ಅಂತ ಕೇಳಿದ್ರೆ ‘ಮೈಕ್ರೋಫ್ಲೂಯಿಡಿಕ್ ಚಿಪ್’ ಅಂತಾಳೆ. ಚಿಪ್ ಅಂದ್ರೆ ಕರೆಂಟ್ ಹರಿಯೋದು ಅಂತ ನಾನು, ಇಲ್ಲಪ್ಪ ಇದ್ರಲ್ಲಿ ನೀರು ಹರಿಯೋದು ಅಂತ ಅವಳು. ಎಂತ ಮಾರಾಯ್ರೆ ಇದು? ಅಷ್ಟು ಸಣ್ಣದು ಎಂತಕ್ಕೆ ಮಾಡ್ಬೇಕು? — ಅಡಿಕೆ ಬೆಳೆಗಾರರು, ತೀರ್ಥಹಳ್ಳಿ

ಉತ್ತರ: ಮಗಳು ಹೇಳಿದ್ದೇ ಸರಿ ರಾಯರೆ. ಗಾಜು, ಪ್ಲಾಸ್ಟಿಕ್ಕು, ಸಿಲಿಕೋನ್ ರಬ್ಬರು, ಕೆಲವು ಸಲ ಬರೀ ಪೇಪರು, ಇಂಥದ್ರ ಒಂದು ತುಂಡಲ್ಲಿ ಸಣ್ಣ ಸಣ್ಣ ಕಾಲುವೆ ಮಾಡಿ ಅದ್ರಲ್ಲಿ ರಕ್ತನೋ ನೀರೋ ಔಷಧಿನೋ ಹರಿಸಿ, ಬೆರೆಸಿ, ಬೇರೆ ಮಾಡಿ, ಪರೀಕ್ಷೆ ಮಾಡೋದು, ಇಷ್ಟೇ. ಚಿಪ್ ಅನ್ನೋ ಹೆಸರು ಬಂದಿದ್ದು ಎಂತಕ್ಕೆ ಅಂದ್ರೆ ಶುರುನಲ್ಲಿ ಇದನ್ನ ಮಾಡಿದವರು ಕಂಪ್ಯೂಟರ್ ಚಿಪ್ ಮಾಡೋ ಸಿಲಿಕಾನ್ ಬಿಲ್ಲೆ, ಅದೇ ಕೊರೆಯೋ ವಿಧಾನನೇ ಬಳಸಿದ್ರು. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಟೆರಿ ಅನ್ನೋರು ಮತ್ತು ಅವರ ಜೊತೆಯವರು ಅನಿಲಗಳನ್ನ ಬೇರೆ ಮಾಡೋ ಇಡೀ ಯಂತ್ರನ ಒಂದು ಸಿಲಿಕಾನ್ ಬಿಲ್ಲೆ ಮೇಲೆ ತಂದ್ರು. ಆಮೇಲೆ 1990ರಲ್ಲಿ ಆಂಡ್ರಿಯಾಸ್ ಮಾಂಟ್ಸ್ ಅನ್ನೋರು ಸ್ಯಾಂಪಲ್ ತಯಾರಿಯಿಂದ ರಿಸಲ್ಟ್ ತನಕ ಎಲ್ಲ ಒಂದೇ ಸಣ್ಣ ಸಾಧನದಲ್ಲಿ ಆಗ್ಬೇಕು ಅನ್ನೋ ಕಲ್ಪನೆ ಮುಂದಿಟ್ರು. ಅಲ್ಲಿಂದ ಈ ಗಾಡಿ ಓಡ್ತಾ ಬಂತು.

ಅಳತೆ ಹೇಳ್ತೀನಿ. ಒಂದು ಮಿಲಿಮೀಟರಿಗೆ 1000 ಮೈಕ್ರೋಮೀಟರ್. ನಮ್ಮ ತಲೆಕೂದಲು ಸುಮಾರು 50ರಿಂದ 100 ಮೈಕ್ರೋಮೀಟರ್ ದಪ್ಪ. ಈ ಕಾಲುವೆಗಳೂ ಹೆಚ್ಚುಕಮ್ಮಿ ಅದೇ ಅಳತೆ, ಹತ್ತಿಪ್ಪತ್ತರಿಂದ ಕೆಲವು ನೂರು ಮೈಕ್ರೋಮೀಟರ್ ತನಕ. 100 ಅಗಲ, 100 ಆಳ, ಒಂದು ಸೆಂಟಿಮೀಟರ್ ಉದ್ದ ಇರೋ ಕಾಲುವೆ ತುಂಬೋಕೆ 0.1 ಮೈಕ್ರೋಲೀಟರ್ ಸಾಕು (ಒಂದು ಮಿಲಿಲೀಟರಿಗೆ 1000 ಮೈಕ್ರೋಲೀಟರ್). ನಲ್ಲಿಯಿಂದ ತೊಟ್ಟಿಕ್ಕೋ ಒಂದು ಹನಿ 50 ಮೈಕ್ರೋಲೀಟರ್ ಅಂತ ಇಟ್ಕೊಂಡ್ರೆ ಆ ಒಂದು ಹನಿಯಲ್ಲಿ ಇಂಥ 500 ಕಾಲುವೆ ತುಂಬ್ತವೆ.

ಸಣ್ಣದು ಎಂತಕ್ಕೆ ಅಂತ ಕೇಳಿದ್ರಲ್ಲ, ಎಲ್ಲರೂ ಹೇಳೋ ಉತ್ತರ ‘ರಕ್ತ ಕಮ್ಮಿ ಸಾಕು, ಕೆಮಿಕಲ್ ಕಮ್ಮಿ ಸಾಕು’ ಅಂತ. ಅದು ನಿಜನೇ, ಆದ್ರೆ ನನ್ನ ಪ್ರಕಾರ ಅದು ಅರ್ಧ ಮಾತ್ರ. ಆ ಅಳತೆಗೆ ಇಳಿದ್ರೆ ನೀರಿನ ನಡವಳಿಕೆನೇ ಬದಲಾಗುತ್ತೆ, ವಿಷ್ಯ ಇರೋದು ಅಲ್ಲಿ. ಕೂಡ್ಲಿಯಲ್ಲಿ ತುಂಗೆ ಭದ್ರೆ ಸೇರೋ ಜಾಗ ನೋಡಿರ್ತೀರಿ. ಒಂದು ನದಿ ಕೆಂಪಗೆ ಬಂದು ಇನ್ನೊಂದು ತಿಳಿಯಾಗಿ ಬಂದ್ರೂ ಸ್ವಲ್ಪ ಕೆಳಗೆ ಹೋಗೋದ್ರೊಳಗೆ ಸುಳಿ ಎದ್ದು ಕಲಸಿ ಒಂದೇ ಆಗೋಗುತ್ತೆ. ಕೂದಲೆಳೆ ಕಾಲುವೆಯಲ್ಲಿ ಎರಡು ಬಣ್ಣದ ನೀರು ತಂದು ಸೇರಿಸಿದ್ರೆ ಸುಳಿನೇ ಏಳಲ್ಲ! ಎಡಗಡೆದು ಎಡಕ್ಕೆ, ಬಲಗಡೆದು ಬಲಕ್ಕೆ, ನಡುವೆ ಗೆರೆ ಎಳೆದ ಹಂಗೆ ಪಕ್ಕಪಕ್ಕ ಹರ್ಕೊಂಡು ಹೋಗ್ತವೆ. ನೀರಿನ ವೇಗದ ಜೋರು ಹೆಚ್ಚೋ ಅದರ ಅಂಟುತನ ಹೆಚ್ಚೋ ಅಂತ ತೂಗಿ ನೋಡೋಕೆ ರೆನಾಲ್ಡ್ಸ್ ಸಂಖ್ಯೆ ಅಂತ ಒಂದಿದೆ, 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಪೈಪಲ್ಲಿ ಬಣ್ಣದ ಎಳೆ ಹರಿಸಿ ತೋರ್ಸಿದ್ದು. ಪೈಪಲ್ಲಿ ಆ ಸಂಖ್ಯೆ ಸುಮಾರು 2000 ದಾಟಿದ್ರೆ ಸುಳಿ ಶುರು ಆಗುತ್ತೆ. ಮೇಲೆ ಹೇಳಿದ 100 ಮೈಕ್ರೋಮೀಟರ್ ಕಾಲುವೆಯಲ್ಲಿ ನೀರು ಸೆಕೆಂಡಿಗೆ ಒಂದು ಮಿಲಿಮೀಟರ್ ಹೋಗ್ತಿದ್ರೆ ಸಂಖ್ಯೆ ಬರೀ 0.1. ಅಂದ್ರೆ ಸುಳಿಯ ಮಾತೇ ಇಲ್ಲ.

ಹಂಗಾದ್ರೆ ಬೆರೆಯೋದು ಹೆಂಗೆ? ಅಣುಗಳು ತಾವೇ ಅಡ್ಡಾಡಿ ಆಚೆ ಈಚೆ ಹೋಗ್ಬೇಕು, ವಿಸರಣೆ ಅಂತಾರಲ್ಲ ಅದು. ಇದ್ರ ಲೆಕ್ಕ ಮಜಾ ಇದೆ. ಸಣ್ಣ ಅಣು ಒಂದು ನೀರಲ್ಲಿ ಒಂದು ಮಿಲಿಮೀಟರ್ ದೂರ ಸಾಗೋಕೆ ಎಂಟು ನಿಮಿಷದ ಹತ್ರ ಬೇಕು. ದೂರ ಹತ್ತನೇ ಒಂದು ಭಾಗ ಮಾಡಿ, ಟೈಮ್ ಹತ್ತನೇ ಒಂದಲ್ಲ, ನೂರನೇ ಒಂದಾಗುತ್ತೆ, ಐದು ಸೆಕೆಂಡು. ಇನ್ನೂ ಹತ್ತನೇ ಒಂದು ಮಾಡಿದ್ರೆ ಕಣ್ಣು ಮಿಟುಕಿಸೋ ಹೊತ್ತೂ ಬೇಡ. ಶಾಖನೂ ಹಂಗೇ, ಸಣ್ಣ ಹನಿ ಬೇಗ ಬಿಸಿಯಾಗುತ್ತೆ, ಬೇಗ ತಣ್ಣಗಾಗುತ್ತೆ. ಗುರುತ್ವಾಕರ್ಷಣೆಗೆ ಅಲ್ಲಿ ಬೆಲೆನೇ ಇಲ್ಲ, ಗೋಡೆಗೆ ಅಂಟೋ ಗುಣ, ಮೇಲ್ಮೈ ಎಳೆತ, ಇವರದ್ದೇ ದರ್ಬಾರು. ಎರಡು ದ್ರವ ಬೇಗ ಬೆರೀಬೇಕು ಅಂದ್ರೆ ಕಾಲುವೆ ತಳದಲ್ಲಿ ಓರೆ ಓರೆ ಏಣು ಮಾಡಿ ತಿರುಚ್ತಾ ಹೋಗೋ ಹಂಗೆ ಮಾಡ್ತಾರೆ, ಅದು 2002ರಲ್ಲಿ ಬಂದ ಉಪಾಯ. ಮಗಳು ಪ್ರಾಜೆಕ್ಟಲ್ಲಿ ‘ಮಿಕ್ಸಿಂಗ್ ಆಗ್ತಿಲ್ಲ’ ಅಂತ ತಲೆ ಚಚ್ಕೊಂಡ್ರೆ ಕಾರಣ ಇದು, ಬೈಬೇಡಿ.

ಪ್ರಶ್ನೆ: ಸರ್, ಇದ್ರಲ್ಲಿ ಎಷ್ಟು ಟೈಪ್ ಇದೆ? ಒಂದು ಕಡೆ ಮೆಟೀರಿಯಲ್ ಮೇಲೆ ವಿಂಗಡಣೆ ಮಾಡಿದಾರೆ, ಇನ್ನೊಂದು ಕಡೆ ಉಪಯೋಗದ ಮೇಲೆ. ನನಗೆ ಸೆಮಿನಾರ್ ಇದೆ, ಕನ್‌ಫ್ಯೂಸ್ ಆಗ್ತಿದೆ. — ಬಿಎಸ್ಸಿ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕನ್‌ಫ್ಯೂಸ್ ಆಗೋದು ಸಹಜ ಕಣಮ್ಮ, ಯಾರೂ ಒಂದೇ ಥರ ವಿಂಗಡಿಸಲ್ಲ. ನನ್ನ ಕೇಳಿದ್ರೆ ಯಾವ ಸಾಧನ ಸಿಕ್ಕಿದ್ರೂ ಒಂದೇ ಪ್ರಶ್ನೆ ಹಾಕು: ಒಳಗಿರೋ ದ್ರವನ ತಳ್ತಿರೋದು ಎಂತದು? ಅದು ಗೊತ್ತಾದ್ರೆ ಆ ಸಾಧನ ಎಲ್ಲಿ ಕೆಲಸಕ್ಕೆ ಬರುತ್ತೆ, ಎಲ್ಲಿ ಕೈಕೊಡುತ್ತೆ, ರೇಟು ಎಷ್ಟಾಗ್ಬಹುದು ಎಲ್ಲಾ ತಾನಾಗೇ ತಿಳಿಯುತ್ತೆ.

ಏನೂ ತಳ್ಳದೇ ದ್ರವ ತಾನೇ ಹೀರ್ಕೊಂಡು ಹೋಗೋದು ಮೊದಲನೇದು. ಪೇಪರಿನ ನಾರಿನ ಸಂದಿಯಲ್ಲಿ ನೀರು ಏರ್ತದಲ್ಲ, ಅದೇ ಶಕ್ತಿ. ಮನೆಯಲ್ಲಿ ಗರ್ಭ ಪರೀಕ್ಷೆ ಮಾಡೋ ಪಟ್ಟಿ, ಕೋವಿಡ್ ಟೈಮಲ್ಲಿ ಎಲ್ರೂ ಮೂಗಿಗೆ ಕಡ್ಡಿ ಹಾಕ್ಕೊಂಡು ನೋಡಿದ ರ‍್ಯಾಪಿಡ್ ಕಿಟ್ಟು ಎಲ್ಲ ಈ ಜಾತಿ. ಒಳಗೆ ನಾಲ್ಕು ಭಾಗ ಇರುತ್ತೆ: ಸ್ಯಾಂಪಲ್ ಹೀರೋ ಪ್ಯಾಡು, ಅದರ ಮುಂದೆ ಒಣಗಿಸಿಟ್ಟ ಚಿನ್ನದ ನ್ಯಾನೋ ಕಣಗಳು (ಗೆರೆ ಕೆಂಪಗೆ ಕಾಣೋದು ಈ ಚಿನ್ನದಿಂದ, ಚಿನ್ನ ಅಷ್ಟು ಸಣ್ಣ ಆದ್ರೆ ಕೆಂಪು), ಆಮೇಲೆ ಗೆರೆಗಳಿರೋ ನೈಟ್ರೋಸೆಲ್ಯುಲೋಸ್ ಪಟ್ಟಿ, ಕೊನೇಲಿ ಉಳಿದಿದ್ದನ್ನ ಎಳ್ಕೊಳ್ಳೋ ದಪ್ಪ ಹೀರುಪ್ಯಾಡು. ಹುಡುಕ್ತಿರೋ ವಸ್ತು ಇದ್ರೆ ಅದು ಚಿನ್ನದ ಕಣನ ಹಿಡ್ಕೊಂಡು ಹೋಗಿ ‘ಟಿ’ ಗೆರೆಯಲ್ಲಿ ಸಿಕ್ಕಾಕ್ಕೊಳ್ಳುತ್ತೆ. ‘ಸಿ’ ಗೆರೆ ಇರೋದು ದ್ರವ ಸರಿಯಾಗಿ ಹರೀತೋ ಇಲ್ವೋ ಅಂತ ತಿಳಿಸೋಕೆ, ಅದು ಬರ್ಲಿಲ್ಲ ಅಂದ್ರೆ ಟೆಸ್ಟೇ ಲೆಕ್ಕಕ್ಕಿಲ್ಲ. ಒಂದೇ ಹೆಜ್ಜೆಯ ಇಂಥ ಗರ್ಭ ಪರೀಕ್ಷೆ ಮಾರುಕಟ್ಟೆಗೆ ಬಂದಿದ್ದು 1988ರಲ್ಲಿ. ಕಾಲುವೆನೇ ಇಲ್ವಲ್ಲ, ಇದನ್ನ ಮೈಕ್ರೋಫ್ಲೂಯಿಡಿಕ್ಸ್ ಅನ್ಬಾರ್ದು ಅಂತ ವಾದ ಮಾಡೋರು ಇದಾರೆ. ನಾನು ಸೇರಿಸ್ತೀನಿ. ಜಗತ್ತಲ್ಲಿ ಜನಸಾಮಾನ್ಯರ ಕೈಗೆ ಟೆಸ್ಟ್ ಅಂತ ನಿಜವಾಗ್ಲೂ ಸಿಕ್ಕಿರೋದು ಹೆಚ್ಚಾಗಿ ಈ ಜಾತಿನೇ, ಅದನ್ನೇ ಹೊರಗಿಟ್ರೆ ಉಳಿಯೋದೆಂತ? 2007ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಪೇಪರಲ್ಲೇ ನೀರು ತಡೆಯೋ ಗೋಡೆ ಹಾಕಿ, ಒಂದು ಹನಿ ಎರಡು ಮೂರು ಕವಲಾಗಿ ಬೇರೆ ಬೇರೆ ಪರೀಕ್ಷೆಗೆ ಹೋಗೋ ಹಂಗೆ ಮಾಡ್ತು, ಅಲ್ಲಿಂದ ಪೇಪರ್ ಚಿಪ್ಪಿಗೆ ಮರ್ಯಾದೆ ಹೆಚ್ಚಾಯ್ತು.

ಎರಡನೇದು ಪಂಪಿಂದ ತಳ್ಳೋದು. ಲ್ಯಾಬಲ್ಲಿ ಕಾಣೋದು ಬಹುಪಾಲು ಇದೇ, ಪಾರದರ್ಶಕ ರಬ್ಬರಿನ ತುಂಡು, ಅದಕ್ಕೆ ಸಿಕ್ಕಿಸಿದ ಸಣ್ಣ ಟ್ಯೂಬು, ಪಕ್ಕದಲ್ಲಿ ಸಿರಿಂಜ್ ಪಂಪು. ಕಾಲುವೆಯ ಅಳತೆ ಅರ್ಧ ಮಾಡಿದ್ರೆ ಅಷ್ಟೇ ನೀರು ತಳ್ಳೋಕೆ ಹದಿನಾರು ಪಟ್ಟು ಒತ್ತಡ ಬೇಕು, ಹಾಗಾಗಿ ಸುಮ್ನೆ ಕೈಯಲ್ಲಿ ಒತ್ತಿದ್ರೆ ಆಗಲ್ಲ. ಚಿಪ್ಪು ಅಂಗೈಯಲ್ಲಿ ಕೂರುತ್ತೆ, ಆದ್ರೆ ಅದರ ಸುತ್ತ ಪಂಪು, ಮೈಕ್ರೋಸ್ಕೋಪು, ಕಂಪ್ಯೂಟರ್ ಸೇರಿ ಒಂದು ಟೇಬಲ್ ತುಂಬುತ್ತೆ. ಚಿಪ್ಪಿನೊಳಗೆ ಲ್ಯಾಬ್ ಅಂತ ಶುರು ಮಾಡಿ ಕೊನೆಗೆ ಲ್ಯಾಬಿನೊಳಗೆ ಚಿಪ್ಪಾಯ್ತು ಅಂತ ಈ ಕ್ಷೇತ್ರದವರೇ ತಮಾಷೆ ಮಾಡ್ಕೋತಾರೆ. 2000ದಲ್ಲಿ ಅಮೆರಿಕದ ವಿಜ್ಞಾನಿ ಸ್ಟೀಫನ್ ಕ್ವೇಕ್ ಅವರ ತಂಡ ಇದಕ್ಕೆ ಒಳ್ಳೆ ಸೌಕರ್ಯ ಮಾಡ್ತು. ರಬ್ಬರಿನ ಎರಡು ಪದರ, ಒಂದ್ರಲ್ಲಿ ದ್ರವ, ಇನ್ನೊಂದ್ರಲ್ಲಿ ಗಾಳಿ, ಗಾಳಿ ತುಂಬಿದ್ರೆ ನಡುವಿನ ಪೊರೆ ಉಬ್ಬಿ ದ್ರವದ ಕಾಲುವೆ ಮುಚ್ಚುತ್ತೆ. ಹೀಗೆ ಸಾವಿರಾರು ವಾಲ್ವ್ ಒಂದೇ ಚಿಪ್ಪಲ್ಲಿ ಇಡ್ಬಹುದು.

ಮೂರನೇದು ಹನಿ ಹನಿ ಮಾಡೋದು. ಎಣ್ಣೆ ಹರಿಯೋ ಕಾಲುವೆಗೆ ಪಕ್ಕದಿಂದ ನೀರು ಬಿಟ್ರೆ ಕೂಡೋ ಜಾಗದಲ್ಲಿ ನೀರು ತುಂಡು ತುಂಡಾಗಿ ಒಂದೇ ಸೈಜಿನ ಹನಿ ಆಗ್ತಾ ಹೋಗುತ್ತೆ, ಸೆಕೆಂಡಿಗೆ ಸಾವಿರಾರು. ಪ್ರತಿ ಹನಿನೂ ಒಂದು ಬೇರೆ ಪ್ರನಾಳ ಇದ್ದಂಗೆ. ಡಿಜಿಟಲ್ ಪಿಸಿಆರ್ ಅಂತ ಇದೆ (ಪಿಸಿಆರ್ ಅಂದ್ರೆ ಜೀನಿನ ನಕಲು ಲಕ್ಷಗಟ್ಟಲೆ ಮಾಡಿ ಅದನ್ನ ಹುಡುಕೋ ಟೆಸ್ಟು), 20 ಮೈಕ್ರೋಲೀಟರ್ ಸ್ಯಾಂಪಲ್‌ನ ಸುಮಾರು 20,000 ಹನಿ ಮಾಡಿ, ಯಾವ ಹನಿಯಲ್ಲಿ ವೈರಸ್ಸಿನ ಜೀನ್ ಇದೆ, ಯಾವುದ್ರಲ್ಲಿ ಇಲ್ಲ ಅಂತ ಎಣಿಸೋದು. ಅಂದಾಜು ಇಲ್ಲ, ಎಣಿಕೆ! ಒಂದೊಂದು ಹನಿಗೆ ಒಂದೊಂದು ಜೀವಕೋಶ ಹಾಕಿ ಅದ್ರಲ್ಲಿ ಯಾವ ಜೀನ್ ಕೆಲಸ ಮಾಡ್ತಿದೆ ಅಂತ ನೋಡೋ ವಿಧಾನ 2015ರಿಂದ ಜೋರಾಗಿದೆ. ನನಗೆ ಈ ಇಡೀ ಪಟ್ಟಿಯಲ್ಲಿ ಇಷ್ಟವಾದ್ದು ಇದೇ.

ಇನ್ನು ಕರೆಂಟಿಂದ ಓಡಿಸೋದು ಇದೆ, ಹೆಸರು ಡಿಜಿಟಲ್ ಮೈಕ್ರೋಫ್ಲೂಯಿಡಿಕ್ಸ್. ಈಗಷ್ಟೇ ಹೇಳಿದ ಡಿಜಿಟಲ್ ಪಿಸಿಆರ್ ಜೊತೆ ಕಲಸ್ಬೇಡ, ಸೆಮಿನಾರಲ್ಲಿ ಇದೇ ಪ್ರಶ್ನೆ ಕೇಳ್ತಾರೆ. ಇದ್ರಲ್ಲಿ ಕಾಲುವೆ ಇಲ್ಲ, ಚೌಕ ಚೌಕ ಎಲೆಕ್ಟ್ರೋಡ್ ಜೋಡಿಸಿರ್ತಾರೆ, ಪಕ್ಕದ ಚೌಕಕ್ಕೆ ವೋಲ್ಟೇಜ್ ಕೊಟ್ರೆ ಹನಿ ಆ ಕಡೆ ಸರಿಯುತ್ತೆ. ತಿರುಗಿಸಿ ತಳ್ಳೋದೂ ಇದೆ, ಸಿಡಿ ಥರ ತಟ್ಟೆ, ಗಿರಗಿರ ತಿರುಗಿಸಿದ್ರೆ ರಕ್ತ ಹೊರಗಡೆಗೆ ನುಗ್ಗಿ ಕಣಗಳು ಬೇರೆ, ಪ್ಲಾಸ್ಮಾ (ರಕ್ತದ ತಿಳಿ ದ್ರವ) ಬೇರೆ ಆಗುತ್ತೆ, ಪಂಪು ಬೇಡ. ಕೆಲವು ಪಶು ಆಸ್ಪತ್ರೆಗಳಲ್ಲೂ ಇಂಥ ತಟ್ಟೆ ಹಾಕೋ ಯಂತ್ರ ಇರ್ತವೆ, ಸುಮಾರು 100 ಮೈಕ್ರೋಲೀಟರ್ ರಕ್ತ ಸಾಕು. ಇದರ ಜೊತೆ ನೀನು ಸೆಮಿನಾರ್ ರಿಪೋರ್ಟ್ ಪ್ರಿಂಟ್ ಹಾಕ್ಸೋ ಇಂಕ್‌ಜೆಟ್ ಪ್ರಿಂಟರೂ ಸೇರಿಸ್ಕೋ. ಅದರ ಮೂತಿಯಲ್ಲಿ ಇಂಕು ಕ್ಷಣಮಾತ್ರ ಕುದ್ದು ಗುಳ್ಳೆ ಎದ್ದು ಕೆಲವು ಪಿಕೋಲೀಟರಿನ (ಮೈಕ್ರೋಲೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಹನಿ ಹೊರಗೆ ಚಿಮ್ಮುತ್ತೆ. ಕೆಲವು ಪ್ರಿಂಟರಲ್ಲಿ ಕುದಿಸೋ ಬದಲು ಕರೆಂಟ್ ಕೊಟ್ರೆ ಹಿಗ್ಗಿ ಕುಗ್ಗೋ ಪೀಜೋ ಹರಳಿಂದ ಹಿಂಡ್ತಾರೆ. ಎಲ್ಲಕ್ಕಿಂತ ಹಳೇ ಮೈಕ್ರೋಫ್ಲೂಯಿಡಿಕ್ ವ್ಯಾಪಾರ ಅದು, ಆದ್ರೆ ಯಾರೂ ಅದರ ಹೆಸರೇ ಎತ್ತಲ್ಲ.

ಪ್ರಶ್ನೆ: ಶುಗರ್ ನೋಡೋ ಸ್ಟ್ರಿಪ್ಪೂ ಇದೇ ಜಾತಿಯಾ? ಮಳೆಗಾಲದಲ್ಲಿ ನನ್ನ ಮಷೀನು ಒಂದೊಂದು ಸಲ ಒಂದೊಂದು ನಂಬರ್ ತೋರ್ಸುತ್ತೆ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ? — ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ಇದೇ ಜಾತಿನೇ ಮೇಡಂ. ಸ್ಟ್ರಿಪ್ಪಿನ ತುದಿಗೆ ರಕ್ತ ತಾಗಿಸಿದ ಕೂಡ್ಲೇ ಒಳಗೆ ಎಳ್ಕೊಳ್ಳುತ್ತಲ್ಲ, ಅಲ್ಲೊಂದು ಸಣ್ಣ ಕಾಲುವೆ ಇದೆ, ಈಗಿನ ಸ್ಟ್ರಿಪ್ಪುಗಳಿಗೆ ಸುಮಾರು ಅರ್ಧ ಮೈಕ್ರೋಲೀಟರ್ ಸಾಕು. ಒಳಗೆ ಒಣಗಿಸಿಟ್ಟ ಕಿಣ್ವ ಗ್ಲೂಕೋಸ್ ಜೊತೆ ಕೆಲಸ ಮಾಡಿ ಎಲೆಕ್ಟ್ರಾನ್ ಬಿಡುಗಡೆ ಮಾಡುತ್ತೆ, ಮಷೀನು ಆ ಕರೆಂಟ್ ಅಳೆಯುತ್ತೆ. ಮಳೆಗಾಲದ ಸಂಬಂಧ ಇರೋದು ಈ ಕಿಣ್ವಕ್ಕೆ. ನಮ್ಮ ಕಡೆ ಜೂನ್ ಜುಲೈನಲ್ಲಿ ಉಪ್ಪೇ ನೀರಾಗುತ್ತೆ, ಇನ್ನು ಕಿಣ್ವದ ಪಾಡೇನು. ಡಬ್ಬಿ ಮುಚ್ಚಳ ಅಥವಾ ಗೋಡೆಯಲ್ಲಿ ತೇವ ಹೀರೋ ವಸ್ತು ಹಾಕಿರ್ತಾರೆ, ಹಂಗಾಗಿ ಸ್ಟ್ರಿಪ್ಪನ್ನ ಬೇರೆ ಡಬ್ಬಿಗೆ ಹಾಕ್ಬೇಡಿ, ಒಂದು ತೆಗೆದ ಕೂಡ್ಲೇ ಟಕ್ ಅಂತ ಮುಚ್ಚಿ, ಡಬ್ಬಿ ಮೇಲಿನ ಡೇಟ್ ನೋಡಿ. ಬೆರಳನ್ನ ಜೋರಾಗಿ ಹಿಂಡಬೇಡಿ, ಹಿಂಡಿದ್ರೆ ರಕ್ತದ ಜೊತೆ ಮಾಂಸದೊಳಗಿನ ನೀರೂ ಬರುತ್ತೆ. ಕೈ ಸೋಪಲ್ಲಿ ತೊಳ್ದು ಪೂರ್ತಿ ಒರೆಸ್ಕೊಳ್ಳಿ, ಬಾಳೆಹಣ್ಣು ತಿಂದ ಕೈಯಲ್ಲೇ ಚುಚ್ಚಿದ್ರೆ ಹಣ್ಣಿನ ಸಕ್ಕರೆನೂ ಲೆಕ್ಕಕ್ಕೆ ಬರುತ್ತೆ. ಇಷ್ಟು ಮಾಡಿದ ಮೇಲೂ ನಂಬರ್ ಹಾರ್ತಿದ್ರೆ ಲ್ಯಾಬಲ್ಲಿ ರಕ್ತ ಕೊಟ್ಟು ಹೋಲಿಸಿ, ಡಾಕ್ಟರಿಗೆ ತೋರ್ಸಿ. ನಮ್ಮ ಕಾಲಂ ನೋಡಿ ಮಾತ್ರೆ ಬದಲಾಯಿಸ್ಬೇಡಿ.

ಪ್ರಶ್ನೆ: ಒಂದೇ ಹನಿ ರಕ್ತದಲ್ಲಿ ಎಲ್ಲಾ ಕಾಯಿಲೆ ಟೆಸ್ಟ್ ಮಾಡೋ ಮಷೀನ್ ಬರುತ್ತೆ ಅಂತ ಎಷ್ಟೋ ವರ್ಷದಿಂದ ಕೇಳ್ತಿದೀನಿ. ಎಲ್ಲಿ? — ಮೆಡಿಕಲ್ ಶಾಪ್ ನಡೆಸೋರು, ಹೊಸನಗರ

ಉತ್ತರ: ಅಮೆರಿಕದಲ್ಲಿ ಥೆರಾನೋಸ್ ಅಂತ ಒಂದು ಕಂಪನಿ ಇದನ್ನೇ ಹೇಳ್ಕೊಂಡು ಬಂತು. ಎಲಿಜಬೆತ್ ಹೋಮ್ಸ್ 2003ರಲ್ಲಿ ಶುರು ಮಾಡಿದ್ದು, ಬೆರಳ ತುದಿ ರಕ್ತದಲ್ಲಿ ನೂರಾರು ಟೆಸ್ಟು ಅಂತ ಹೇಳಿ ಕೋಟಿಗಟ್ಟಲೆ ಡಾಲರ್ ಎತ್ತಿದ್ರು. 2015ರಲ್ಲಿ ಪತ್ರಿಕೆ ವರದಿ ಬಂದು ಹುಳುಕು ಹೊರಬಿತ್ತು, 2022ರ ಜನವರಿಯಲ್ಲಿ ಹೂಡಿಕೆದಾರರಿಗೆ ಮೋಸ ಮಾಡಿದ್ದು ಸಾಬೀತಾಯ್ತು, ಅದೇ ವರ್ಷ ನವೆಂಬರಲ್ಲಿ ಹನ್ನೊಂದು ವರ್ಷಕ್ಕೂ ಮೇಲ್ಪಟ್ಟ ಜೈಲು ಶಿಕ್ಷೆ ಆಯ್ತು.

ಮೋಸ ಒಂದು ಕಡೆ ಇರ್ಲಿ, ಅದು ಎಂತಕ್ಕೆ ಕಷ್ಟ ಅನ್ನೋದು ಲೆಕ್ಕದಲ್ಲೇ ಇದೆ. ಒಬ್ಬರ ಒಂದು ಮಿಲಿಲೀಟರ್ ರಕ್ತದಲ್ಲಿ 100 ವೈರಸ್ ಇದಾವೆ ಅಂದ್ಕೊಳ್ಳಿ. ಒಂದು ಮೈಕ್ರೋಲೀಟರ್ ತಗೊಂಡ್ರೆ ಅದರ ಪಾಲಿಗೆ ಬರೋದು 0.1 ವೈರಸ್. ಅಂದ್ರೆ ಹತ್ತು ಸಲ ತಗೊಂಡ್ರೆ ಹೆಚ್ಚುಕಮ್ಮಿ ಒಂಬತ್ತು ಸಲ ಅದ್ರಲ್ಲಿ ಒಂದೂ ಇರಲ್ಲ. ನಿಮ್ಮ ಮಷೀನು ಎಷ್ಟೇ ಜಾಣ ಆಗಿರ್ಲಿ, ಇಲ್ಲದೇ ಇರೋದನ್ನ ಎಲ್ಲಿಂದ ಹುಡುಕುತ್ತೆ? ಗ್ಲೂಕೋಸ್ ಥರ ರಕ್ತದಲ್ಲಿ ದಂಡಿಯಾಗಿ ಇರೋದಕ್ಕೆ ಅರ್ಧ ಮೈಕ್ರೋಲೀಟರ್ ಸಾಕು, ಅಪರೂಪಕ್ಕೆ ಇರೋದಕ್ಕೆ ರಕ್ತನೂ ಜಾಸ್ತಿನೇ ಬೇಕು. ಒಂದೊಂದು ಟೆಸ್ಟಿಗೆ ಒಂದೊಂದು ಥರ ತಯಾರಿ ಬೇರೆ ಬೇಕು, ಒಂದಕ್ಕೆ ಪ್ಲಾಸ್ಮಾ, ಇನ್ನೊಂದಕ್ಕೆ ಕೋಶ ಒಡೆದು ಒಳಗಿನ ಡಿಎನ್‌ಎ. ಅಷ್ಟೂ ಒಂದೇ ಹನಿಯಲ್ಲಿ ಹಂಚೋದು ಆಗೋ ಮಾತಲ್ಲ. ಯಾರಾದ್ರೂ ಏಜೆಂಟ್ ಬಂದು ‘ಒಂದೇ ಹನಿ, ಎಲ್ಲಾ ಟೆಸ್ಟ್’ ಅಂದ್ರೆ ಮೊದಲು ಅದು ಯಾವ ಯಾವ ಟೆಸ್ಟಿಗೆ ಅನುಮತಿ ಪಡೆದಿದೆ ಅಂತ ಕಾಗದ ಕೇಳಿ.

ಪ್ರಶ್ನೆ: ನಮ್ಮ ಕಡೆ ಮಂಗನಕಾಯಿಲೆಗೆ ಈ ಥರ ಪಟ್ಟಿ ಟೆಸ್ಟ್ ಇಲ್ವಾ? ಕೋವಿಡ್ಡಿಗೆ ಬಂತಲ್ಲ. — ಆಶಾ ಕಾರ್ಯಕರ್ತೆ, ಸೊರಬ ತಾಲ್ಲೂಕು

ಉತ್ತರ: ಈ ಪ್ರಶ್ನೆ ನಿಮ್ಮ ತಾಲ್ಲೂಕಿಂದ್ಲೇ ಬರ್ಬೇಕಿತ್ತು ಅಕ್ಕ, ಈ ರೋಗನ 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬದ ಕ್ಯಾಸನೂರು ಕಾಡಲ್ಲಿ, ಜಗತ್ತಿಗೆಲ್ಲ ಇದರ ಹೆಸರು ಆ ಊರಿಂದ್ಲೇ. ಮನೆಯಲ್ಲಿ ಕೂತು ನೋಡ್ಕೊಳ್ಳೋ ಪಟ್ಟಿಯಲ್ಲಿ ಇದನ್ನ ನಂಬೋ ಹಂಗಿಲ್ಲ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸಿನ ಆರ್‌ಎನ್‌ಎ ಹುಡುಕೋ ಪಿಸಿಆರ್ ಬೇಕು, ದಿನ ಕಳೆದ ಮೇಲೆ ದೇಹ ಮಾಡಿದ ಪ್ರತಿಕಾಯ ಹುಡುಕೋ ಐಜಿಎಂ ಎಲೈಸಾ. ಕೋವಿಡ್ ಪಟ್ಟಿ ಕೆಲಸ ಮಾಡಿದ್ದು ಮೂಗಲ್ಲಿ ಆ ವೈರಸ್ಸು ರಾಶಿಗಟ್ಟಲೆ ಇರ್ತಿತ್ತು ಅಂತ. ಇಲ್ಲಿ ನೋಡ್ಬೇಕಿರೋದು ರಕ್ತ, ಅದನ್ನ ಮುಟ್ಟೋದೂ ಅಪಾಯ, ಲ್ಯಾಬಿನವರೇ ದೊಡ್ಡ ಎಚ್ಚರಿಕೆಯಲ್ಲಿ ಮಾಡ್ತಾರೆ.

ಆದ್ರೆ ಚಿಪ್ಪು ಇಲ್ಲಿಗೂ ಬಂದಿದೆ. ಟ್ರೂನ್ಯಾಟ್ ಅಂತ ಕೇಳಿರ್ತೀರಿ, ಟಿಬಿ ಕಫ ಪರೀಕ್ಷೆಗೆ ಬಳಸ್ತಾರಲ್ಲ ಅದೇ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಬೆಳೆದು ಗೋವಾದ ಮೋಲ್‌ಬಯೋ ಕಂಪನಿ ತಯಾರಿಸೋ ಯಂತ್ರ, ಟಿಬಿಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಗೆ ಕೊಡ್ತು. ಒಂದು ಕಾರ್ಟ್ರಿಡ್ಜಲ್ಲಿ ಸ್ಯಾಂಪಲ್ ಹಾಕಿ ಜೀನ್ ಬೇರೆ ಮಾಡ್ತಾರೆ, ಆಮೇಲೆ ಕೆಲವೇ ಮೈಕ್ರೋಲೀಟರ್ ತೆಗೆದು ಚಿಪ್ಪಿನ ಗುಳಿಗೆ ಬಿಡ್ತಾರೆ. ಪಿಸಿಆರ್ ಅಂದ್ರೆ 95 ಡಿಗ್ರಿ ಹತ್ರ ಬಿಸಿ ಮಾಡೋದು, 60ರ ಹತ್ರ ಇಳಿಸೋದು, ಹೀಗೆ ನಲ್ವತ್ತು ಸುತ್ತಿನ ಹತ್ರ. ತೀರ್ಥಹಳ್ಳಿಯವರಿಗೆ ಮೇಲೆ ಹೇಳಿದ್ನಲ್ಲ, ಸಣ್ಣ ಹನಿ ಬೇಗ ಬಿಸಿಯಾಗಿ ಬೇಗ ಆರುತ್ತೆ ಅಂತ, ಅದೇ ಕಾರಣಕ್ಕೆ ಈ ಯಂತ್ರ ಬ್ಯಾಟರಿ ಮೇಲೆ ನಡೆದು ಸುಮಾರು ಒಂದು ಗಂಟೆಯಲ್ಲಿ ರಿಸಲ್ಟ್ ಕೊಡುತ್ತೆ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದ್ರೆ ಬರೋದು ಯಾವಾಗ ಅಂತ ಗೊತ್ತಲ್ಲ. ಇದೇ ಯಂತ್ರದಲ್ಲಿ ನಡೆಯೋ ಮಂಗನಕಾಯಿಲೆ ಟೆಸ್ಟನ್ನ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಮತ್ತು ಮೋಲ್‌ಬಯೋ ಸೇರಿ ಮಾಡಿವೆ, 2021ರಲ್ಲಿ ಸುದ್ದಿ ಬಂತು. ಪುಣೆಗೆ ಸ್ಯಾಂಪಲ್ ಕಳ್ಸಿ ದಿನಗಟ್ಟಲೆ ಕಾಯ್ತಿದ್ದ ಕಾಲಕ್ಕೆ ಹೋಲಿಸಿದ್ರೆ ಎಷ್ಟೋ ಮೇಲು.

ಟೆಸ್ಟ್ ಬರ್ಲಿ ಅಂತ ಯಾರೂ ಮನೇಲಿ ಮಲ್ಗೋದು ಬೇಡ. ಕಾಡಿಗೆ, ದರಗು ತರೋಕೆ ಹೋಗಿ ಬಂದವರಿಗೆ, ಉಣುಗು ಕಚ್ಚಿದವರಿಗೆ ಜ್ವರ ಬಂದ್ರೆ ಅವತ್ತೇ ಪಿಎಚ್‌ಸಿಗೆ ಕಳ್ಸಿ. ಕಾಡಿಗೆ ಹೋಗೋ ಮುಂಚೆ ಉಣುಗು ಹತ್ರ ಬಾರದಂಗೆ ಮಾಡೋ ಡೆಪಾ ಎಣ್ಣೆ ಹಚ್ಕೊಳ್ಳೋಕೆ ಹೇಳಿ, ನೀವು ಹೇಳ್ತಾನೇ ಇರ್ತೀರಿ, ಕೇಳೋರು ಕೇಳ್ಬೇಕಲ್ಲ.

ಪ್ರಶ್ನೆ: ಪ್ರಾಣಿಗಳ ಮೇಲೆ ಔಷಧಿ ಪ್ರಯೋಗ ಮಾಡೋದು ಈ ಚಿಪ್ಪಿಂದ ನಿಂತೋಗುತ್ತೆ ಅಂತಾರಲ್ಲ? — ಓದುಗರು, ಕೊಪ್ಪ

ಉತ್ತರ: ಕಮ್ಮಿ ಆಗುತ್ತೆ, ನಿಂತೋಗುತ್ತೆ ಅನ್ನೋದು ಅವಸರ. 2010ರಲ್ಲಿ ಹಾರ್ವರ್ಡ್‌ನ ವಿಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡೊನಾಲ್ಡ್ ಇಂಗ್ಬರ್ ತಂಡ ‘ಚಿಪ್ಪಿನ ಮೇಲಿನ ಶ್ವಾಸಕೋಶ’ ಮಾಡ್ತು. ತೂತು ತೂತಾಗಿರೋ ತೆಳು ಪೊರೆ, ಒಂದು ಕಡೆ ಮನುಷ್ಯನ ಶ್ವಾಸಕೋಶದ ಕೋಶ, ಅದರ ಮೇಲೆ ಗಾಳಿ, ಇನ್ನೊಂದು ಕಡೆ ರಕ್ತನಾಳದ ಕೋಶ, ಅದರ ಕೆಳಗೆ ಹರಿಯೋ ದ್ರವ. ಪಕ್ಕದ ಎರಡು ಕೋಣೆಯಲ್ಲಿ ಗಾಳಿ ಎಳೆದು ಬಿಟ್ಟು ಮಾಡಿದ್ರೆ ಪೊರೆ ಹಿಗ್ಗಿ ಕುಗ್ಗಿ ಉಸಿರಾಡುತ್ತೆ. ಆಮೇಲೆ ಲಿವರ್, ಕಿಡ್ನಿ, ಕರುಳು ಎಲ್ಲಾ ಬಂತು. 2022ರ ಡಿಸೆಂಬರಲ್ಲಿ ಅಮೆರಿಕ, 2023ರಲ್ಲಿ ನಮ್ಮ ದೇಶ, ಹೊಸ ಔಷಧಿಗೆ ಇಂಥ ವಿಧಾನದ ಮಾಹಿತಿನೂ ಕೊಡ್ಬಹುದು ಅಂತ ಕಾನೂನು ತಿದ್ದಿದ್ವು. ಕೊಡ್ಬಹುದು ಅಂತ, ಪ್ರಾಣಿ ಬಳಸ್ಲೇಬಾರ್ದು ಅಂತಲ್ಲ. ಲಿವರ್ ಚಿಪ್ಪಿಗೆ ಔಷಧಿ ಲಿವರಿಗೆ ಏನು ಮಾಡುತ್ತೆ ಅಂತ ಗೊತ್ತು, ಅದೇ ಔಷಧಿ ಆರು ತಿಂಗಳಾದ ಮೇಲೆ ಇಡೀ ದೇಹಕ್ಕೆ ಏನು ಮಾಡುತ್ತೆ ಅಂತ ಗೊತ್ತಿಲ್ಲ.

ಪ್ರಶ್ನೆ: ಅಡಿಕೆ ಕೊಳೆರೋಗಕ್ಕೆ ಇಂಥ ಪಟ್ಟಿ ಇದ್ರೆ ಹೇಳಿ, ತರ್ಸೋಣ. — ತೋಟದವರು, ಶೃಂಗೇರಿ

ಉತ್ತರ: ಕೊಳೆ ತರೋ ಫೈಟಾಫ್ತೊರಾ ಕುಲನ ಗುರುತಿಸೋ ಪಟ್ಟಿ ಹೊರದೇಶದಲ್ಲಿ ಮಾರ್ತಾರೆ. ತರ್ಸ್ಬೇಡಿ, ದುಡ್ಡು ದಂಡ. ಅದು ಕುಲ ಹೇಳುತ್ತೆ, ಜಾತಿ ಹೇಳಲ್ಲ, ಮತ್ತೆ ಕಾಯಿ ಮೇಲೆ ನೀರು ನೀರಾದ ಕಲೆ ಬಿದ್ದಿದ್ದು ನೋಡಿದ್ರೆ ನಿಮಗೆ ಪಟ್ಟಿಗಿಂತ ಮುಂಚೆನೇ ಗೊತ್ತಾಗುತ್ತೆ. ಕೊಳೆಗೆ ಔಷಧಿ ಹೊಡಿಬೇಕಿರೋದು ಮಳೆ ಹಿಡಿಯೋಕೆ ಮುಂಚೆ, ಶೇಕಡ 1ರ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ), ರೋಗ ಬಂದ ಮೇಲೆ ಟೆಸ್ಟ್ ಮಾಡಿ ಏನುಪಯೋಗ.

ಪ್ರಶ್ನೆ: ನಮ್ಮ ಕಾಲೇಜಲ್ಲಿ ಕ್ಲೀನ್‌ರೂಮ್ (ಚಿಪ್ ಮಾಡೋ ಧೂಳಿಲ್ಲದ ಕೋಣೆ) ಇಲ್ಲ, ಬಜೆಟ್ಟೂ ಇಲ್ಲ. ಮಕ್ಕಳಿಗೆ ಒಂದು ಚಿಪ್ಪು ಮಾಡಿ ತೋರ್ಸೋಕೆ ಆಗುತ್ತಾ? — ಉಪನ್ಯಾಸಕರು, ಭದ್ರಾವತಿ

ಉತ್ತರ: ಆಗುತ್ತೆ ಸರ್. ದೊಡ್ಡ ಲ್ಯಾಬಲ್ಲಿ ಹೆಂಗೆ ಮಾಡ್ತಾರೆ ಅಂತ ಮೊದಲು ಹೇಳ್ತೀನಿ. ಸಿಲಿಕಾನ್ ಬಿಲ್ಲೆ ಮೇಲೆ ಎಸ್‌ಯು-8 ಅನ್ನೋ ಬೆಳಕಿಗೆ ಗಟ್ಟಿಯಾಗೋ ಅಂಟು ಬಳಿದು, ಮಾಸ್ಕ್ ಇಟ್ಟು ಯುವಿ ಬೆಳಕು ಬಿಟ್ರೆ ಕಾಲುವೆಯ ಉಬ್ಬು ಅಚ್ಚು ಸಿಗುತ್ತೆ. ಅದರ ಮೇಲೆ ಪಿಡಿಎಂಎಸ್ ಅನ್ನೋ ಸಿಲಿಕೋನ್, ಹತ್ತು ಪಾಲು ಮೂಲ ದ್ರವಕ್ಕೆ ಒಂದು ಪಾಲು ಗಟ್ಟಿ ಮಾಡೋ ದ್ರವ ಕಲಸಿ ಸುರಿದು, ನಿರ್ವಾತದಲ್ಲಿಟ್ಟು ಗುಳ್ಳೆ ತೆಗೆದು, 60–80 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಯಿಸಿ, ಸುಲಿದು ತೆಗೆದು, ತೂತು ಹೊಡೆದು, ಆಕ್ಸಿಜನ್ ಪ್ಲಾಸ್ಮಾ (ರಕ್ತದ್ದಲ್ಲ, ಕರೆಂಟ್ ಹಾಯಿಸಿದ ಆಕ್ಸಿಜನ್ ಅನಿಲ) ತೋರ್ಸಿ ಗಾಜಿಗೆ ಅಂಟಿಸ್ತಾರೆ. 1998ರಲ್ಲಿ ವೈಟ್‌ಸೈಡ್ಸ್ ತಂಡ ಈ ದಾರಿ ತೋರ್ಸಿದ ಮೇಲೇ ಸಣ್ಣ ಸಣ್ಣ ಲ್ಯಾಬುಗಳೂ ಇದಕ್ಕೆ ಇಳಿದವು. ಪಿಡಿಎಂಎಸ್ ಸಂಶೋಧನೆಗೆ ಚಿನ್ನ, ಆದ್ರೆ ಕೆಲವು ಔಷಧಿ ಅಣುಗಳನ್ನ ತಾನೇ ಹೀರ್ಕೊಳ್ಳುತ್ತೆ, ಟೊಲ್ವೀನ್ ಥರದ ದ್ರಾವಕ ತಾಗಿದ್ರೆ ಊದ್ಕೊಳ್ಳುತ್ತೆ, ಹಾಗಾಗಿ ಲಕ್ಷಗಟ್ಟಲೆ ಮಾಡೋ ಕಂಪನಿಗಳು ಗಟ್ಟಿ ಪ್ಲಾಸ್ಟಿಕ್ ಅಚ್ಚಿಗೆ ಹೋಗ್ತವೆ. ನಿಮ್ಮ ವಿದ್ಯಾರ್ಥಿ ಯಾರಾದ್ರೂ ಪಿಎಚ್‌ಡಿಗೆ ಇದನ್ನ ಹಿಡಿದ್ರೆ ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನವರಿಗೂ ಸೌಲಭ್ಯ ಕೊಡೋ ಯೋಜನೆ ಇದೆ, ವಿಚಾರಿಸಿ. ಖರಗ್‌ಪುರ ಐಐಟಿಯ ಸುಮನ್ ಚಕ್ರವರ್ತಿ ಅವರ ಕೆಲಸನೂ ಓದೋಕೆ ಹೇಳಿ, ಕಡಿಮೆ ಖರ್ಚಿನ ಸಾಧನಗಳಲ್ಲಿ ಹೆಸರು ಮಾಡಿದವರು, 2022ರ ಇನ್ಫೋಸಿಸ್ ಪ್ರಶಸ್ತಿ ಬಂದಿದೆ.

ನಿಮ್ಮ ಕಾಲೇಜಿಗೆ ಪೇಪರೇ ಸರಿ. ಕೆಮಿಸ್ಟ್ರಿ ಲ್ಯಾಬಿನ ಫಿಲ್ಟರ್ ಪೇಪರಿನ ಮೇಲೆ ಪೆನ್ಸಿಲಲ್ಲಿ ಇಂಗ್ಲಿಷ್ ವೈ ಆಕಾರದ ದಾರಿ ಬರೆದು, ಆ ದಾರಿಯ ಎರಡೂ ಅಂಚಿಗೆ ಮೇಣದ ಕ್ರೇಯಾನಿಂದ ದಪ್ಪಗೆ ಗೆರೆ ಎಳೀರಿ. ಕೆಳಗೆ ಮೇಲೆ ಹಾಳೆ ಇಟ್ಟು ಇಸ್ತ್ರಿ ಪೆಟ್ಟಿಗೆ ಸ್ವಲ್ಪ ಹೊತ್ತು ಒತ್ತಿದ್ರೆ ಮೇಣ ಕರಗಿ ಪೇಪರಿನ ಹಿಂಬದಿ ತನಕ ಇಳಿದು ಗೋಡೆಯಾಗುತ್ತೆ. ದಾರಿ ಸ್ವಲ್ಪ ಅಗಲವಾಗೇ ಬಿಡಿ, ಕರಗಿದ ಮೇಣ ಪಕ್ಕಕ್ಕೂ ಹರಡುತ್ತೆ. ಹಿಂದೆ ತಿರುಗ್ಸಿ ನೋಡಿ, ಎಲ್ಲಾದ್ರೂ ಬೆಳ್ಳಗೆ ಉಳಿದಿದ್ರೆ ಅಲ್ಲಿ ನೀರು ಸೋರುತ್ತೆ, ಇನ್ನೊಂದು ಸಲ ಇಸ್ತ್ರಿ. ಆಮೇಲೆ ಒಂದು ಕವಲಿಗೆ ಸ್ಪಿರಿಟಲ್ಲಿ ಕದಡಿದ ಅರಿಶಿನ, ಇನ್ನೊಂದಕ್ಕೆ ಕೆಂಪು ದಾಸವಾಳದ ರಸ ಹಚ್ಚಿ ಒಣಗ್ಸಿ. ಕಾಂಡದ ತುದಿನ ಸುಣ್ಣದ ತಿಳಿನೀರಿಗೆ ಅದ್ದಿದ್ರೆ ನೀರು ತಾನೇ ಏರಿ ಎರಡು ಕವಲಾಗಿ ಹೋಗಿ ಅರಿಶಿನದ ಕಡೆ ಓಕುಳಿ ಬಣ್ಣ, ದಾಸವಾಳದ ಕಡೆ ಹಸಿರು ಬರುತ್ತೆ. ಸುಣ್ಣದ ನೀರು ಕಣ್ಣಿಗೆ ಹಾರದಂಗೆ ನೋಡ್ಕೊಳ್ಳಿ.

ಬಣ್ಣ ಬಂತು ಅಂತ ಅಲ್ಲಿಗೇ ನಿಲ್ಲಿಸ್ಬೇಡಿ. ಒಂದು ಉದ್ದ ಪಟ್ಟಿ ಬೇರೆ ಮಾಡಿ, ನೀರು ಒಂದು, ಎರಡು, ಮೂರು ಸೆಂಟಿಮೀಟರ್ ಮುಟ್ಟೋ ಹೊತ್ತನ್ನ ಮೊಬೈಲಲ್ಲಿ ಅಳೆಯೋಕೆ ಹೇಳಿ. ಎರಡರಷ್ಟು ದೂರಕ್ಕೆ ನಾಲ್ಕರಷ್ಟು ಹೊತ್ತು, ಮೂರರಷ್ಟಕ್ಕೆ ಒಂಬತ್ತರಷ್ಟು ಹೊತ್ತು ಹಿಡೀಬೇಕು. ಬೇಸಿಗೆಯಲ್ಲಿ ಮಾಡಿದ್ರೆ ನೀರು ಏರ್ತಾ ಏರ್ತಾ ಆರಿಯೂ ಹೋಗಿ ಲೆಕ್ಕ ತಪ್ಪುತ್ತೆ, ಮೇಲೆ ಕೆಳಗೆ ಟ್ರಾನ್ಸ್‌ಪರೆಂಟ್ ಟೇಪ್ ಅಂಟಿಸಿ ಇನ್ನೊಂದು ಸಲ ಅಳೀರಿ, ಎರಡು ಗ್ರಾಫೂ ಪಕ್ಕಪಕ್ಕ ಇಡ್ಸಿ, ವ್ಯತ್ಯಾಸ ಎಂತಕ್ಕೆ ಬಂತು ಅಂತ ಅವರೇ ಹೇಳ್ಲಿ.